ಬಂದ ಹಾಗೇ ಬಂದ ಚಿತ್ರಗಳು

ನಾನು ವಿಜ್ಞಾನಿಯೂ ಅಲ್ಲ, ಎಂಜಿನಿಯರೂ ಅಲ್ಲ. ಆದರೂ ಬೆಳಗ್ಗೆ ಎದ್ದ ಮೇಲೆ ಮಂಗಳದಲ್ಲಿ ರೋವರ್ ಎಲ್ಲಿ ನಿಂತಿದೆ ಅಂತ ಒಮ್ಮೆ ನೋಡದಿದ್ದರೆ ಏನೋ ಮರೆತ ಹಾಗೆ ಅನ್ನಿಸುತ್ತದೆ.

ಈ ಹುಚ್ಚು ಹಿಡಿಸಿದ್ದು ಶನಿಗ್ರಹ. ಅಲ್ಲಿ ಸುತ್ತುತ್ತಿದ್ದ ಕ್ಯಾಸಿನಿ ನೌಕೆ ಕಳಿಸಿದ ಚಿತ್ರಗಳನ್ನು ನಾಸಾ ತಿದ್ದದೆ ತೀಡದೆ ಎಲ್ಲರ ಮುಂದೆ ಇಡುತ್ತಿತ್ತು. ಇವಕ್ಕೆ ರಾ ಇಮೇಜ್ ಅಂತಾರೆ, ಕಚ್ಚಾ ಚಿತ್ರ. ಪತ್ರಿಕೆಯಲ್ಲಿ ಬಣ್ಣಬಣ್ಣದ ಶನಿಯನ್ನು ನೋಡಿದ್ದವನಿಗೆ ಅಲ್ಲಿ ಸಿಕ್ಕಿದ್ದು ಬರೀ ಕಪ್ಪು ಬಿಳುಪು, ಅದರ ಮೇಲೆಲ್ಲ ಚುಕ್ಕೆ. ಇಷ್ಟೇನಾ ಅನ್ನಿಸಿತು.

ಆಮೇಲೆ ಗೊತ್ತಾಯಿತು, ಆ ಕ್ಯಾಮೆರಾಕ್ಕೆ ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ಫಿಲ್ಟರ್ ಹಾಕಿ ಒಂದು, ಹಸಿರು ಹಾಕಿ ಒಂದು, ನೀಲಿ ಹಾಕಿ ಇನ್ನೊಂದು, ಹೀಗೆ ಮೂರು ತೆಗೆಯುತ್ತಿತ್ತು. ಫೋಟೋ ತಿದ್ದುವ ಯಾವ ಸಾಫ್ಟ್‌ವೇರ್ ಆದರೂ ಸರಿ, ಮೂರನ್ನೂ ಒಂದರ ಮೇಲೊಂದು ಕೂರಿಸಿದರೆ ಬಣ್ಣ ಬರುತ್ತದೆ. ಹೇಳೋದು ಸುಲಭ. ನಾನು ಮೊದಲು ಆರಿಸಿಕೊಂಡಿದ್ದು ಶನಿಯ ಬಳೆಗಳ ಮುಂದೆ ಅದರದೇ ಒಂದು ಚಂದ್ರ ಹಾದುಹೋಗುವ ಚಿತ್ರ. ಮೂರು ಫೋಟೋ ತೆಗೆಯುವ ಹೊತ್ತಿಗೆ ಚಂದ್ರನೂ ಸರಿದಿತ್ತು, ನೌಕೆಯೂ ಸರಿದಿತ್ತು. ಚಂದ್ರನನ್ನು ಸರಿಯಾಗಿ ಕೂರಿಸಿದರೆ ಬಳೆಗಳ ಅಂಚಿನಲ್ಲಿ ಕೆಂಪು, ಹಸಿರು ಗೆರೆ. ಬಳೆಗಳನ್ನು ಕೂರಿಸಿದರೆ ಚಂದ್ರನ ಒಂದು ಕೆನ್ನೆ ಕೆಂಪು, ಇನ್ನೊಂದು ನೀಲಿ. ಮೂರು ಸಂಜೆ ಹೋಯಿತು. ಕೊನೆಗೆ ಚಂದ್ರನನ್ನೇ ಕತ್ತರಿಸಿ ಬೇರೆ ಜೋಡಿಸಿದೆ, ಬಳೆಗಳನ್ನು ಬೇರೆ ಜೋಡಿಸಿದೆ, ಆಮೇಲೆ ಎರಡನ್ನೂ ಸೇರಿಸಿದೆ. ಅಂಚು ಸ್ವಲ್ಪ ಒರಟಾಗಿಯೇ ಉಳಿಯಿತು. ಆದರೂ ಆ ರಾತ್ರಿ ಜಾಸ್ತಿ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಗುರು ಗ್ರಹದ ಜೂನೋ ನೌಕೆಯ ಚಿತ್ರಗಳಿಗೂ ಕೈ ಹಾಕಿದೆ. ಆ ನೌಕೆ ನಿಮಿಷಕ್ಕೆ ಎರಡು ಸುತ್ತು ಬುಗುರಿಯ ಹಾಗೆ ತಿರುಗುತ್ತಾ ಇರುತ್ತದೆ, ಹಾಗಾಗಿ ಚಿತ್ರ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಎರಡು ಸಲ ಪ್ರಯತ್ನಪಟ್ಟು ಬಿಟ್ಟೆ. ಬೇರೆಯವರು ಮಾಡಿದ್ದನ್ನು ನೋಡಿ ಖುಷಿಪಡುತ್ತೇನೆ, ಅಷ್ಟೇ.

ಮಂಗಳಕ್ಕೆ ಬಂದಿದ್ದು ಕ್ಯೂರಿಯಾಸಿಟಿ ರೋವರ್‌ನಿಂದ. ಅದು ಗೇಲ್ ಕುಳಿಯಲ್ಲಿ 2012ರ ಆಗಸ್ಟ್‌ನಲ್ಲಿ ಇಳಿಯಿತು. ಇಲ್ಲಿ ಮೊದಲು ಕಲಿತಿದ್ದು ಫೈಲಿನ ಹೆಸರು ಓದುವುದನ್ನು. ಯಾವ ಕ್ಯಾಮೆರಾ, ಎಡಗಣ್ಣೋ ಬಲಗಣ್ಣೋ, ನೌಕೆಯ ಗಡಿಯಾರದಲ್ಲಿ ಎಷ್ಟನೇ ಸೆಕೆಂಡು, ಎಲ್ಲ ಆ ಅಕ್ಷರ ಅಂಕಿಗಳಲ್ಲೇ ಇರುತ್ತದೆ. ಅದನ್ನು ಓದದೇ ಇದ್ದುದಕ್ಕೆ ಒಮ್ಮೆ ನಗೆಪಾಟಲಾದೆ. ಗುಡ್ಡದ ಅಂಚಿನಲ್ಲಿ ಹೊಳೆಯುವ ಬಿಳಿ ಚುಕ್ಕೆ ಕಂಡಿತು. ಎದೆ ಡವಡವ. ಇದೇ ಹುಚ್ಚಿನ ಗೆಳೆಯನಿಗೆ ಕಳಿಸಿದೆ.

"ಇನ್ನೊಂದು ಕಣ್ಣಿನದ್ದು ನೋಡಿದ್ಯಾ?" ಅಂತ ಕೇಳಿದ.

ನೋಡಿರಲಿಲ್ಲ. ಅದೇ ಸೆಕೆಂಡಿನಲ್ಲಿ ಪಕ್ಕದ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಚುಕ್ಕೆಯೇ ಇಲ್ಲ. ಬಾಹ್ಯಾಕಾಶದಿಂದ ಬಂದ ಯಾವುದೋ ಕಣ ಕ್ಯಾಮೆರಾದ ಸೆನ್ಸರ್‌ಗೆ ಬಡಿದರೆ ಹೀಗೆ ಆಗುತ್ತದಂತೆ. ಈಗ ಏನೇ ವಿಚಿತ್ರ ಕಂಡರೂ ಮೊದಲು ಜೋಡಿ ಚಿತ್ರ ಹುಡುಕುತ್ತೇನೆ.

ಇನ್ನೊಂದು ಪೆಟ್ಟು ಬಿದ್ದಿದ್ದು ಬಣ್ಣದ ವಿಷಯದಲ್ಲಿ. ಸಾಫ್ಟ್‌ವೇರ್‌ನಲ್ಲಿ ಆಟೋ ಕಲರ್ ಒತ್ತಿದರೆ ಮಂಗಳದ ಹಗಲಿನ ಆಕಾಶ ನಮ್ಮ ಆಕಾಶದ ಹಾಗೆ ನೀಲಿಯಾಗಿಬಿಡುತ್ತದೆ. ಅದು ಸುಳ್ಳು, ಅಲ್ಲಿನ ಹಗಲು ದೂಳಿನ ಬಣ್ಣದ್ದು. ಇದು ತಿಳಿದ ಮೇಲೆ ನೀಲಿ ಕಂಡಲ್ಲೆಲ್ಲ ಒರೆಸತೊಡಗಿದೆ. ಹಾಗೆ ಒರೆಸಿದ್ದರಲ್ಲಿ 2015ರ ಏಪ್ರಿಲ್ 15ರ ಸೂರ್ಯಾಸ್ತವೂ ಸೇರಿತ್ತು, ಮಂಗಳದ ಲೆಕ್ಕದಲ್ಲಿ ಕ್ಯೂರಿಯಾಸಿಟಿಯ 956ನೇ ದಿನದ್ದು. ಅದರಲ್ಲಿ ಸೂರ್ಯನ ಸುತ್ತ ಇದ್ದ ನೀಲಿ ಮಾತ್ರ ನಿಜವಾದದ್ದು! ಅಲ್ಲಿನ ನುಣ್ಣನೆ ದೂಳು ನೀಲಿ ಬೆಳಕನ್ನು ಸೂರ್ಯನ ಆಸುಪಾಸಿನಲ್ಲೇ ಉಳಿಸುತ್ತದೆ. ಸೂರ್ಯ ಇಳಿದಾಗ ಅದು ಚೆನ್ನಾಗಿ ಕಾಣುತ್ತದೆ. ಇದ್ದ ನಿಜವನ್ನು ನಾನೇ ಅಳಿಸಿ, ಸರಿ ಮಾಡಿದೆ ಅಂದುಕೊಂಡಿದ್ದೆ.

ಚಿತ್ರ ಬರದ ದಿನಗಳಲ್ಲಿ ಆಂಟೆನಾ ನೋಡುತ್ತೇನೆ. ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್ ಹತ್ತಿರ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ, ಹೀಗೆ ಮೂರು ಕಡೆ ನಾಸಾದ ದೊಡ್ಡ ಬಟ್ಟಲುಗಳಿವೆ. ಭೂಮಿ ಹೇಗೆ ತಿರುಗಿದರೂ ಒಂದಲ್ಲ ಒಂದರ ಕಣ್ಣಿಗೆ ನೌಕೆ ಬೀಳುತ್ತದೆ. ಈ ಕ್ಷಣ ಯಾವ ಬಟ್ಟಲು ಯಾವ ನೌಕೆಯ ಜೊತೆ ಮಾತಾಡುತ್ತಿದೆ ಅಂತ ಮನೆಯಲ್ಲೇ ಕೂತು ನೋಡಬಹುದು. ಎಲ್ಲಕ್ಕಿಂತ ದೂರ ಹೋಗಿರುವ ನೌಕೆ ವಾಯೇಜರ್ 1 ಸೆಕೆಂಡಿಗೆ ಬರೀ 160 ಬಿಟ್‌ನಂತೆ ಕಳಿಸುತ್ತದೆ. 2023ರ ನವೆಂಬರ್‌ನಿಂದ ಅದು ಅರ್ಥವಿಲ್ಲದ್ದನ್ನು ಒದರತೊಡಗಿತ್ತು, ನೆನಪಿನ ಚಿಪ್ ಒಂದು ಕೆಟ್ಟಿತ್ತು. 2024ರ ಏಪ್ರಿಲ್ 18, ಗುರುವಾರ, ರಿಪೇರಿಯ ಆದೇಶ ಹೋಯಿತು. ಅಲ್ಲಿಗೆ ತಲುಪಲು 22 ಗಂಟೆಗಿಂತ ಜಾಸ್ತಿ, ಉತ್ತರ ಬರಲು ಮತ್ತಷ್ಟೇ. ಶನಿವಾರ ಅದು ಸರಿಯಾಗಿ ಮಾತಾಡಿತು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಕಾದಿರಲಿಲ್ಲ.

ಹಾಗೆ ಕಾದದ್ದೆಲ್ಲ ಫಲಿಸುವುದಿಲ್ಲ. 2018ರ ಜೂನ್‌ನಲ್ಲಿ ಮಂಗಳದಲ್ಲಿ ದೂಳಿನ ಬಿರುಗಾಳಿ ಎದ್ದಿತು. ಬಿಸಿಲನ್ನೇ ನಂಬಿದ್ದ ಆಪರ್ಚುನಿಟಿ ರೋವರ್ ಜೂನ್ 10ರ ನಂತರ ಮಾತಾಡಲಿಲ್ಲ. ಸಾವಿರಕ್ಕೂ ಹೆಚ್ಚು ಸಲ ಕರೆದರು. 2019ರ ಫೆಬ್ರವರಿ 13ರಂದು ಮುಗಿಯಿತು ಅಂತ ಹೇಳಿದರು. ಅದು ಕಳಿಸಿದ ಕೊನೆಯ ಚಿತ್ರಗಳಲ್ಲಿ ಒಂದು ನನ್ನ ಹತ್ತಿರ ಇದೆ. ಹಾಡುಹಗಲಲ್ಲೇ ಕತ್ತಲು, ಅದರ ತುಂಬ ಬಿಳಿ ಚುಕ್ಕೆ. ಕೆಳಗಿನ ಒಂದು ಭಾಗ ಪೂರ್ತಿ ಕಪ್ಪು, ಅಷ್ಟು ಬರುವಷ್ಟರಲ್ಲಿ ಸಂಪರ್ಕ ಕಡಿದಿತ್ತು. ಚುಕ್ಕೆ ಒರೆಸುವುದು, ಅಂಚು ಕತ್ತರಿಸುವುದು ನನಗೀಗ ಐದು ನಿಮಿಷದ ಕೆಲಸ. ಅದೊಂದನ್ನು ಮುಟ್ಟಿಲ್ಲ. ಬಂದ ಹಾಗೇ ಇಟ್ಟಿದ್ದೇನೆ.