ಕಾರಿನ ಬ್ರೇಕ್ ಕೈಕೊಡುವ ಮುಂಚೆಯೇ ಗುರುತಿಸುವುದು ಹೇಗೆ?

ಕಾರಿನ ಬ್ರೇಕ್ ಏಕಾಏಕಿ ಕೈಕೊಡುವುದು ಕಡಿಮೆ. ಅದಕ್ಕೂ ಮುಂಚೆ ಸದ್ದು ಬರುತ್ತದೆ, ಪೆಡಲ್ ಬೇರೆ ಥರ ಆಗುತ್ತದೆ, ಇಲ್ಲವೇ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. 'ಮುಂದಿನ ಸರ್ವಿಸ್‌ಗೆ ನೋಡೋಣ ಬಿಡಿ' ಅಂತ ನಾವೇ ಮುಂದೂಡುತ್ತೇವೆ. ಸ್ಪ್ಯಾನರ್ ಹಿಡಿಯುವುದು ಎಲ್ಲರಿಗೂ ಬರಬೇಕಿಲ್ಲ, ಆದರೆ ಸ್ಟೀರಿಂಗ್ ಹಿಡಿಯುವವರಿಗೆ ಇಷ್ಟು ಗೊತ್ತಿರಲೇಬೇಕು.

ಮೊದಲು ಸದ್ದು. ರಾತ್ರಿ ಮಳೆಯಲ್ಲಿ ನಿಂತ ಗಾಡಿಯಲ್ಲಿ ಬೆಳಿಗ್ಗೆ ಒಂದೆರಡು ಸಲ ಕರಕರ ಅಂದರೆ ಗಾಬರಿ ಬೇಡ, ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕ್ ಮೇಲೆ ಕೂತ ತೆಳು ತುಕ್ಕು ಅದು, ಉಜ್ಜಿ ಹೋಗುತ್ತದೆ. ಪ್ರತಿ ಸಲ ಒತ್ತಿದಾಗಲೂ ಕೀಂ ಅಂತ ಸಣ್ಣಗೆ ಕೂಗಿದರೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿರಬಹುದು. ಕೂಗಲಿ ಅಂತಲೇ ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡು ಇಟ್ಟಿರುತ್ತಾರೆ. ಪ್ಯಾಡಿನ ದಪ್ಪ 3 ಮಿಲಿಮೀಟರ್‌ಗೆ ಬಂತೆಂದರೆ ಬದಲಾಯಿಸಿ, ಎರಡೂ ಬದಿಯದು ಒಟ್ಟಿಗೆ. ಚಕ್ರದ ಸಂದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಹೊರಗಿನ ಪ್ಯಾಡ್ ಕಾಣುತ್ತದೆ, ಆದರೆ ಎಷ್ಟೋ ಸಲ ಒಳಗಿನದೇ ಜಾಸ್ತಿ ಸವೆದಿರುತ್ತದೆ, ಹಾಗಾಗಿ ಪಂಕ್ಚರ್‌ಗೆ ಚಕ್ರ ಬಿಚ್ಚಿದಾಗ ಅದನ್ನೂ ನೋಡಿಬಿಡಿ. ಗರಗರ ಅಂತ ಕಬ್ಬಿಣ ಉಜ್ಜಿದ ಸದ್ದು ಬಂದರೆ ಮಾತ್ರ ಕಾಯಬೇಡಿ. ಪ್ಯಾಡ್ ಮುಗಿದು ಡಿಸ್ಕನ್ನೇ ತಿನ್ನುತ್ತಿರುತ್ತದೆ.

ಸದ್ದಿಗಿಂತ ಮುಖ್ಯ ಪೆಡಲ್. ಬೆಳಿಗ್ಗೆ ಹೊರಡುವ ಮುಂಚೆ ಒಂದು ಸಲ ಒತ್ತಿ ನೋಡಿ. ಸ್ವಲ್ಪ ಇಳಿದು ಗಟ್ಟಿಯಾಗಿ ನಿಲ್ಲಬೇಕು. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಹರಿಯುವ ಪೈಪಿನೊಳಗೆ ಗಾಳಿ ಸೇರಿರಬಹುದು, ಇಲ್ಲವೇ ಆ ಆಯಿಲ್ ಹಳತಾಗಿರಬಹುದು. ಕಾಲು ಒತ್ತಿ ಹಿಡಿದಿದ್ದಾಗಲೂ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹೋಗಿದೆ ಅಥವಾ ಎಲ್ಲೋ ಲೀಕ್ ಇದೆ, ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಕಲ್ಲಿನಂತೆ ಗಟ್ಟಿಯಾದರೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಮೇಲೆ ಅನುಮಾನ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿಯಿರಿ, ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ, ಅಲುಗದಿದ್ದರೆ ಇಲ್ಲ.

ಬ್ರೇಕ್ ಆಯಿಲ್ ಕಡಿಮೆಯಾದರೆ ಸುಮ್ನೆ ಮೇಲಿಂದ ಸುರಿದು ಮರೆಯುವವರೇ ಜಾಸ್ತಿ. ಅದು ಯಾಕೆ ಇಳಿಯಿತು ಅನ್ನುವುದು ಮುಖ್ಯ. ಪ್ಯಾಡ್ ಸವೆದಂತೆ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಅದು ಸಹಜ. ದಿಢೀರ್ ಇಳಿದರೆ ಲೀಕ್, ಟೈರಿನ ಒಳಬದಿ ಒದ್ದೆಯಾಗಿದೆಯಾ ನೋಡಿ. ಈ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದರೆ ಅದು 155ರವರೆಗೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ ಅನ್ನುವುದು ಇದಕ್ಕೇ.

ಈ ವ್ಯತ್ಯಾಸ ಕಾಲಿಗೆ ತಿಳಿಯುವುದು ಘಾಟಿಯಲ್ಲಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಟಾಪ್ ಗೇರಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಷ್ಟು ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ. ಆದ್ದರಿಂದ ಇಳಿಯಲು ಶುರು ಮಾಡುವ ಮುಂಚೆಯೇ ಎರಡು ಅಥವಾ ಮೂರನೇ ಗೇರಿಗೆ ಬನ್ನಿ, ವೇಗವನ್ನು ಎಂಜಿನ್ನೇ ಹಿಡಿಯಲಿ, ಬ್ರೇಕ್ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ದಯವಿಟ್ಟು ಬೇಡ. ವಾಸನೆ ಬಂತಾ, ಜಾಗ ನೋಡಿ ನಿಲ್ಲಿಸಿ, ಗೇರಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ತಾನಾಗಿ ಆರಲಿ. ಕಾದ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಓಡುತ್ತಿರುವಾಗಲೇ ಬ್ರೇಕ್ ಹಿಡಿಯದಿದ್ದರೆ? ಮೊದಲು ಪೆಡಲನ್ನು ಪಟಪಟ ತುಳಿಯಿರಿ, ಒತ್ತಡ ಮರಳಬಹುದು. ಜೊತೆಗೇ ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕನ್ನು ಬಟನ್ ಒತ್ತಿಕೊಂಡು ಮೆಲ್ಲಗೆ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ತಿರುಗಿಬಿಡುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ, ಹಾರ್ನ್ ಹೊಡೆಯುತ್ತಿರಿ, ಏರು ಅಥವಾ ಮಣ್ಣಿನ ಅಂಚು ಸಿಕ್ಕರೆ ಅತ್ತ ತಿರುಗಿಸಿ. ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಕೆಲವು ಸಲ ತೊಂದರೆ ಬ್ರೇಕಿನದ್ದೇ ಅಲ್ಲ, ಪೆಡಲ್ ಕೆಳಗೆ ಉರುಳಿ ಬಂದ ನೀರಿನ ಬಾಟಲಿಯದ್ದು! ಡ್ರೈವರ್ ಕಾಲಬುಡದಲ್ಲಿ ಏನೂ ಇಡಬೇಡಿ.

ಗಾಡಿ ಒಂದೇ ಕಡೆ ಎಳೆದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ, ಒಂದರ ಬಿಸಿ ಮಾತ್ರ ಮುಖಕ್ಕೆ ಹೊಡೆದಂತಿದ್ದರೆ ಅದೇ. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸಮವಾಗಿ ಸವೆದಿಲ್ಲ. ಜೋರಾಗಿ ಒತ್ತಿದಾಗ ಪೆಡಲ್ ಕಾಲಿಗೆ ಗಡಗಡ ಅಂದರೆ ಅದು ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೆಲಸ, ಕಾಲು ಸಡಿಲಿಸದೆ ಒತ್ತಿಯೇ ಹಿಡಿಯಿರಿ.

ಪ್ಯಾಡ್ ಬದಲಾಯಿಸಿಕೊಂಡು ಗ್ಯಾರೇಜಿಂದ ಹೊರಡುವಾಗ ಇನ್ನೊಂದು ವಿಷಯ. ಹೊಸ ಪ್ಯಾಡ್ ಕೂರಿಸಲು ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ತುಳಿತಕ್ಕೆ ಪೆಡಲ್ ಸೀದಾ ಕೆಳಗೆ ಹೋಗುತ್ತದೆ. ಗಾಡಿ ಅಲುಗುವ ಮುಂಚೆ ಗಟ್ಟಿಯಾಗುವವರೆಗೂ ತುಳಿದುಕೊಳ್ಳಿ, ಮೊದಲ ಕೆಲವು ದಿನ ಮುಂದಿನ ಗಾಡಿಯಿಂದ ಜಾಸ್ತಿ ದೂರ ಬಿಟ್ಟು ಓಡಿಸಿ.