ತೋಳಿಗೋ, ತೊಡೆಗೋ, ಹೊಟ್ಟೆಗೋ: ಇಂಜೆಕ್ಷನ್ ಜಾಗ ಆರಿಸುವುದು ಹೇಗೆ?

ಲಸಿಕೆ ತೋಳಿಗೆ, ಇನ್ಸುಲಿನ್ ಹೊಟ್ಟೆಗೆ, ಇನ್ನು ಕೆಲವು ಔಷಧ ಸೊಂಟಕ್ಕೆ. ಒಳಗೆ ಹೋದರೆ ಸಾಕು, ಎಲ್ಲಿ ಚುಚ್ಚಿದರೇನು ಅನ್ನಿಸುತ್ತದೆ ಅಲ್ವಾ? ಆದರೆ ಒಂದೇ ಔಷಧ ಜಾಗ ಬದಲಾದರೆ ಬೇರೆ ವೇಗದಲ್ಲಿ ಕೆಲಸ ಮಾಡುತ್ತದೆ. ಕೆಲವೊಮ್ಮೆ ಅಪಾಯವನ್ನೂ ತರುತ್ತದೆ.

ಮೊದಲು ಆಳ

ಔಷಧ ಎಷ್ಟು ಬೇಗ ರಕ್ತ ಸೇರಬೇಕು? ಮೊದಲ ಪ್ರಶ್ನೆ ಇದು. ತಕ್ಷಣ ಬೇಕಿದ್ದರೆ ನೇರವಾಗಿ ರಕ್ತನಾಳಕ್ಕೆ. ತುರ್ತಿನಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಕೊಟ್ಟದ್ದನ್ನು ವಾಪಸ್ ತೆಗೆಯಲಾಗದು. ಸ್ನಾಯುವಿನಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಅಲ್ಲಿಂದಲೂ ಔಷಧ ಸಾಕಷ್ಟು ಬೇಗ ಹೊರಡುತ್ತದೆ. ಚರ್ಮದ ಕೆಳಗಿನ ಕೊಬ್ಬಿನಲ್ಲಿ ರಕ್ತನಾಳಗಳು ಕಡಿಮೆ, ಹಾಗಾಗಿ ಅಲ್ಲಿಂದ ನಿಧಾನ. ಇನ್ಸುಲಿನ್‌ಗೆ ಬೇಕಿರುವುದು ಇದೇ.

ಕ್ಷಯರೋಗ ತಡೆಯುವ ಬಿಸಿಜಿ ಲಸಿಕೆಯದು ಬೇರೆ ಲೆಕ್ಕ. ಅದು ಚರ್ಮದ ಪದರದೊಳಗೇ ಉಳಿಯಬೇಕು. ಅಲ್ಲಿ ರೋಗನಿರೋಧಕ ಜೀವಕೋಶಗಳು ಜಾಸ್ತಿ. ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿಯೇ ಚುಚ್ಚುತ್ತಾರೆ, ಸೊಳ್ಳೆ ಕಚ್ಚಿದಂತೆ ಸಣ್ಣ ಗುಳ್ಳೆ ಏಳುತ್ತದೆ. ಅಲ್ಯೂಮಿನಿಯಂ ಲವಣ ಸೇರಿಸಿದ ಲಸಿಕೆಗಳಿಗೆ ಸ್ನಾಯುವೇ ಸರಿ. ಕೊಬ್ಬಿನಲ್ಲಿ ಉಳಿದರೆ ಉರಿ, ಗಂಟು ಶುರುವಾಗುತ್ತವೆ.

ಆಮೇಲೆ ಜಾಗ

ತೋಳಿನ ಸ್ನಾಯು ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಚಿಕ್ಕದು. ಹೆಚ್ಚೆಂದರೆ 1 ಮಿ.ಲೀ. ಆಸುಪಾಸಿನ ಔಷಧಕ್ಕೆ ಸಾಕು. ವರ್ಷ ತುಂಬದ ಮಕ್ಕಳಿಗೆ ಅದಿನ್ನೂ ಬೆಳೆದಿರುವುದಿಲ್ಲ, ಅದಕ್ಕೇ ತೊಡೆಯ ಹೊರಬದಿ.

ಪೃಷ್ಠದ ಸ್ನಾಯು ದೊಡ್ಡದೇನೋ ಸರಿ. ಆದರೆ ಕಾಲಿಗೆ ಇಳಿಯುವ ದಪ್ಪ ನರ ಅಲ್ಲೇ ಹಾದುಹೋಗುತ್ತದೆ. ಸೂಜಿ ಅದಕ್ಕೆ ತಗುಲಿದರೆ ಕಾಲಿನ ಬಲವೇ ಕುಂದಬಹುದು. ಜೊತೆಗೆ ಅಲ್ಲಿ ಕೊಬ್ಬು ದಪ್ಪ, ಸೂಜಿ ಸ್ನಾಯುವನ್ನು ಮುಟ್ಟದೇ ಇರಬಹುದು. ರೇಬೀಸ್ ಮತ್ತು ಹೆಪಟೈಟಿಸ್ ಬಿ ಲಸಿಕೆಯನ್ನು ಅಲ್ಲಿ ಕೊಡಬಾರದು ಎನ್ನುವುದು ಇದಕ್ಕೇ.

ಬೆಂಜಥೈನ್ ಪೆನಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಆದರೋ ಆಳದ ಸ್ನಾಯುವಿಗೇ ಹೋಗಬೇಕು. ಅಲ್ಲಿಂದ ಅದು ವಾರಗಟ್ಟಲೆ ನಿಧಾನವಾಗಿ ರಕ್ತ ಸೇರುತ್ತದೆ. ಅದೇ ಔಷಧ ರಕ್ತನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ಸೊಂಟಕ್ಕೆ ಯಾಕೆ, ಕೈಗೇ ಕೊಡಿ ಎಂದು ಹಟ ಹಿಡಿಯುವವರು ಇದನ್ನು ನೆನಪಿಡಬೇಕು.

ಮನೆಯಲ್ಲೇ ಇನ್ಸುಲಿನ್ ತೆಗೆದುಕೊಳ್ಳುವವರಿಗೆ

ಮಾಮೂಲಿ ರೆಗ್ಯುಲರ್ ಇನ್ಸುಲಿನ್ ಹೊಟ್ಟೆಯಿಂದ ಬೇಗ, ತೋಳಿನಿಂದ ಸ್ವಲ್ಪ ತಡವಾಗಿ, ತೊಡೆ ಮತ್ತು ಪೃಷ್ಠದಿಂದ ಇನ್ನೂ ನಿಧಾನವಾಗಿ ರಕ್ತ ಸೇರುತ್ತದೆ. ಹಾಗಾಗಿ ಬೆಳಿಗ್ಗೆ ಹೊಟ್ಟೆಗೆ ಎಂದುಕೊಂಡರೆ ದಿನಾ ಬೆಳಿಗ್ಗೆ ಹೊಟ್ಟೆಗೇ ಇರಲಿ. ಇವತ್ತು ಹೊಟ್ಟೆ, ನಾಳೆ ತೊಡೆ ಎಂದು ಮಾಡಿದರೆ ಶುಗರ್ ಏರಿಳಿತದ ಕಾರಣವೇ ಗೊತ್ತಾಗುವುದಿಲ್ಲ.

ಹೊಕ್ಕುಳಿನ ಸುತ್ತ ಒಂದೆರಡು ಇಂಚು ಬಿಟ್ಟುಬಿಡಿ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಬಳಸಿ. ಹಿಂದಿನ ಚುಚ್ಚಿನಿಂದ ಬೆರಳಗಲ ದೂರ ಇರಲಿ. 4 ಮಿ.ಮೀ. ಸೂಜಿಯ ಪೆನ್ ಆದರೆ ವಯಸ್ಕರು ನೇರವಾಗಿ ಚುಚ್ಚಬಹುದು. ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ, ಇಲ್ಲದಿದ್ದರೆ ಔಷಧ ಜಿನುಗುತ್ತದೆ. ಚುಚ್ಚಿದ ಜಾಗವನ್ನು ಸುಮ್ನೆ ಉಜ್ಜಬೇಡಿ. ಪ್ರತಿ ಸಲವೂ ಹೊಸ ಸೂಜಿ. ಓಡುವ ಮುನ್ನ ತೊಡೆಗೆ ಬೇಡ, ಕಾಲು ದುಡಿದಾಗ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ.

ಒಂದೇ ಕಡೆ ಚುಚ್ಚುತ್ತಾ ಹೋದರೆ ಕೊಬ್ಬು ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಡಿಮೆ ಎಂದು ಹಲವರಿಗೆ ಅದೇ ಜಾಗ ಇಷ್ಟ! ಆದರೆ ಗಂಟಿನಿಂದ ಇನ್ಸುಲಿನ್ ಸರಿಯಾಗಿ ಹೊರಡುವುದಿಲ್ಲ. ಆಗಾಗ ಬೆರಳಿನಿಂದ ತಡವಿ ನೋಡಿ. ಗಂಟು ಸಿಕ್ಕರೆ ಆ ಜಾಗ ಬಿಡಿ, ಆದರೆ ಡಾಕ್ಟರಿಗೆ ಹೇಳಿಯೇ ಬಿಡಿ. ಹೊಸ ಜಾಗದಲ್ಲಿ ಅದೇ ಡೋಸ್ ಪೂರ್ತಿ ಕೆಲಸ ಮಾಡಿ ಶುಗರ್ ದಿಢೀರ್ ಇಳಿಯಬಹುದು. ಡೋಸ್ ಕಡಿಮೆ ಮಾಡಬೇಕಾಗುತ್ತದೆ. ಎಷ್ಟು ಎಂಬುದನ್ನು ಅವರೇ ಹೇಳಬೇಕು.