ಮ್ಯಾಕ್‌ಬೆತ್ ಪಾಠಕ್ಕೆ ಸಿನಿಮಾ ಹಾಕುವ ಮುನ್ನ

ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದ ಪಾಠ ಮಾಡುವವರಿಗೆ ಒಂದು ಸಲಹೆ. ಸಿನಿಮಾ ಪೂರ್ತಿ ಹಾಕಬೇಡಿ, ಕೊಲೆಯ ಭಾಗವೊಂದೇ ಸಾಕು. ಮೊದಲು ಎರಡನೇ ಅಂಕದ ಎರಡನೇ ದೃಶ್ಯವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ. ನಾಟಕದಲ್ಲಿ ರಾಜ ಡಂಕನ್ ಮ್ಯಾಕ್‌ಬೆತ್ ಕೈಯಲ್ಲಿ ಸಾಯುವುದು ತೆರೆಮರೆಯಲ್ಲಿ. ನಮಗೆ ಕಾಣುವುದು ರಕ್ತ ಮೆತ್ತಿದ ಕೈ, ಕಠಾರಿ ಮಾತ್ರ. ಆಮೇಲೆ ನಿರ್ದೇಶಕ ಪೊಲಾನ್‌ಸ್ಕಿಯ 1971ರ ‘ಮ್ಯಾಕ್‌ಬೆತ್’ ಚಿತ್ರ ತೋರಿಸಿ, ಅಲ್ಲಿ ಇರಿತ ಕಣ್ಣೆದುರೇ ನಡೆಯುತ್ತದೆ. ಕೊನೆಗೆ ಕುರೊಸಾವಾರ 1957ರ ‘ಥ್ರೋನ್ ಆಫ್ ಬ್ಲಡ್’, ಇದೇ ಕಥೆಯ ಜಪಾನಿ ಸಿನಿಮಾ ರೂಪ. ಇಲ್ಲಿ ಕ್ಯಾಮೆರಾ ಕೊಲೆಗಾರನ ಹಿಂದೆ ಹೋಗದೆ, ಕಾಯುತ್ತಾ ಕೂತ ಹೆಂಡತಿಯ ಜೊತೆಗೇ ಉಳಿಯುತ್ತದೆ. ಅವನು ರಕ್ತ ಹತ್ತಿದ ಈಟಿ ಹಿಡಿದು ವಾಪಸ್ ಬರುತ್ತಾನೆ. ಯಾವುದು ಹೆಚ್ಚು ಹೆದರಿಸಿತು, ಯಾಕೆ ಅಂತ ಬರೆಸಿ. (ನನ್ನ ಓಟು ಕುರೊಸಾವಾಗೆ!) ಪೊಲಾನ್‌ಸ್ಕಿ ಚಿತ್ರದಲ್ಲಿ ನಗ್ನತೆಯೂ ಇದೆ, ಮ್ಯಾಕ್‌ಡಫ್ ಎಂಬ ಸರದಾರನ ಮನೆಯವರ ಕಗ್ಗೊಲೆಯೂ ಇದೆ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಅಂತ ಮನೆಯಲ್ಲೇ ನೋಡಿ ಗುರುತು ಹಾಕಿಕೊಂಡು ಹೋಗಿ.